ಹತ್ತು ಮಂದಿ ಮಾತಾಡಿದರೆ ಖರ್ಚೆಷ್ಟು?

ಈಗ ಯಾವ ಸೆಮಿನಾರ್‌ಗೆ ಹೋದರೂ ‘ಕ್ವಾಂಟಂ’ ಎಂಬ ಪದ ಕಿವಿಗೆ ಬೀಳದೆ ಹೊರಬರುವಂತಿಲ್ಲ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಕ್ವಾಂಟಂ ಮೆಮೊರಿಗಳಿರುವ ಬಹು ನೋಡ್‌ಗಳ ಜಾಲ ಕಟ್ಟುವುದು ಅದರ ಗುರಿಗಳಲ್ಲೊಂದು. ಸಂತೋಷ. ಆದರೆ ವೇದಿಕೆಯ ಮೇಲಿನವರು ಇಬ್ಬರ ನಡುವಿನ ಸಂವಹನವನ್ನಷ್ಟೇ ವಿವರಿಸಿ ಕೂರುತ್ತಾರೆ. ಹತ್ತು ಮಂದಿ ಬಂದರೆ ಲೆಕ್ಕ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ.

ಇಲ್ಲಿ ಖರ್ಚಾಗುವುದು ಎಂಟ್ಯಾಂಗಲ್‌ಮೆಂಟ್. ಒಂದು ಕ್ಯುಬಿಟ್ ಸ್ಥಿತಿಯನ್ನು ಟೆಲಿಪೋರ್ಟ್ ಮಾಡಲು ಹೆಣೆದುಕೊಂಡ ಕಣಗಳ ಒಂದು ಜೋಡಿ ಬೇಕು, ಜೊತೆಗೆ ಎರಡು ಮಾಮೂಲಿ ಬಿಟ್‌ಗಳ ಸಂದೇಶ. ಕೆಲಸ ಮುಗಿದ ಮೇಲೆ ಆ ಜೋಡಿ ಉಳಿಯುವುದಿಲ್ಲ. ‘ಚಿಗರಿ ಬಸ್ಸಿನ ಟಿಕೆಟ್ ಇದ್ದಂಗ ಬಿಡಪ್ಪಾ, ಒಮ್ಮೆ ಗೇಟ್ ದಾಟಿದ್ರ ಮುಗೀತು’ ಎಂದ ನನ್ನ ರೂಮ್‌ಮೇಟ್. ಪ್ರೊಫೆಸರ್‌ಗಳಿಗಿಂತ ಅವನೇ ಚೆನ್ನಾಗಿ ಹೇಳಿದ.

ಹತ್ತು ಮಂದಿಯಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಬ್ಬರೊಂದಿಗೆ ಒಂದೊಂದು ಜೋಡಿ ಬೇಕೆಂದರೆ 45 ಜೋಡಿ. ನೂರು ಮಂದಿಗೆ 4,950. ನಡುವೆ ಒಂದು ಕೇಂದ್ರ ಇಟ್ಟರೆ ಹತ್ತು ಮಂದಿಗೆ ಹತ್ತೇ ದಾರಿ ಸಾಕು. ಆದರೆ ಇಬ್ಬರನ್ನು ಬೆಸೆಯಲು ಕೇಂದ್ರ ಎರಡು ಜೋಡಿ ಸುಟ್ಟು ಒಂದನ್ನು ಕೊಡುತ್ತದೆ. ಹತ್ತೂ ಮಂದಿ ಒಂದೇ ಹೆಣಿಗೆಯಲ್ಲಿರುವ ‘ಜಿಎಚ್‌ಝಡ್’ ಸ್ಥಿತಿಯನ್ನು ಒಂಬತ್ತು ಜೋಡಿಗಳಿಂದ ಕಟ್ಟಬಹುದು. ಅಗ್ಗ ಎನಿಸುತ್ತದೆ, ಅಲ್ಲವೇ? ಒಬ್ಬನ ಕಣ ದಾರಿಯಲ್ಲಿ ಕಳೆದರೂ ಉಳಿದ ಒಂಬತ್ತು ಮಂದಿಯ ನಂಟು ಹೋಗುತ್ತದೆ.

ಕಣಗಳು ಕಳೆಯುವುದೋ ಧಾರಾಳ. ಒಳ್ಳೆಯ ಫೈಬರ್‌ನಲ್ಲೂ ಕಿ.ಮೀ.ಗೆ ಸುಮಾರು 0.2 ಡೆಸಿಬೆಲ್ ನಷ್ಟ. ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಸುಮಾರು 20 ಕಿ.ಮೀ. ದೂರಕ್ಕೆ, ಹತ್ತು ಫೋಟಾನ್ ಕಳಿಸಿದರೆ ನಾಲ್ಕು ತಲುಪುತ್ತವೆ. ಬೆಂಗಳೂರಿಗೆ, 400 ಕಿ.ಮೀ. ಎಂದಿಟ್ಟುಕೊಂಡರೆ, ಹತ್ತು ಕೋಟಿಗೆ ಒಂದು! ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದ ಕಾರಣ ಮಾಮೂಲಿ ಆಂಪ್ಲಿಫೈಯರ್ ಇಲ್ಲಿ ಕೆಲಸಕ್ಕೆ ಬಾರದು. ದಾರಿಯುದ್ದಕ್ಕೂ ರಿಪೀಟರ್‌ಗಳು ಬೇಕು, ಒಂದು ತುಂಡಿನ ಜೋಡಿ ಸಿದ್ಧವಾಗುವವರೆಗೆ ಇನ್ನೊಂದನ್ನು ಕಾಪಾಡುವ ಮೆಮೊರಿ ಬೇಕು. ದಿನಬಳಕೆಗೆ ಒಗ್ಗುವಂಥ ರಿಪೀಟರ್ ಇನ್ನೂ ತಯಾರಾಗಿಲ್ಲ.

‘ಕ್ವಾಂಟಂ ಓದಬೇಕಂದ್ರ ಬೆಂಗಳೂರಿಗೆ ಹೋಗು’ ಎಂದು ಎಲ್ಲರೂ ಹೇಳುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಅಂಥ ಜಾಲ ಒಂದು ದಿನ ಉತ್ತರ ಕರ್ನಾಟಕಕ್ಕೆ ಬಂದರೆ ರಿಪೀಟರ್‌ಗಳು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳಲ್ಲಿ ಕೂರಬೇಕು. ಅವನ್ನು ನೋಡಿಕೊಳ್ಳುವವರು ಆ ಊರುಗಳ ಕಾಲೇಜುಗಳಿಂದ ಬರಬೇಕಲ್ಲವೇ? ಹಾಗಿದ್ದರೆ ನಮ್ಮ ಆಪ್ಟಿಕಲ್ ಲ್ಯಾಬ್‌ಗೆ ಸಿಂಗಲ್ ಫೋಟಾನ್ ಡಿಟೆಕ್ಟರ್ ಯಾವಾಗ ಬರುತ್ತದೆ?