ಟಿಪ್ಪಣಿಯೊಳಗೆ ಮುಳುಗಿದ ಕೊನೆಯ ದಿನಾಂಕ

ಕಳೆದ ವರ್ಷ ಒಂದು ನೇಮಕಾತಿ ಪರೀಕ್ಷೆಗೆ ಅರ್ಜಿ ತುಂಬಿ, ಶುಲ್ಕ ಕಟ್ಟದೇ ಉಳಿದೆ. ಕೊನೆಯ ದಿನಾಂಕವನ್ನು ಬರೆದುಕೊಂಡಿರಲಿಲ್ಲ ಎಂದಲ್ಲ. ಬರೆದಿದ್ದೆ, ಲ್ಯಾಪ್‌ಟಾಪಿನ ನೋಟ್‌ಪ್ಯಾಡ್ ಫೈಲಿನಲ್ಲಿ, ಸಂವಿಧಾನದ 73ನೇ ತಿದ್ದುಪಡಿಗೂ ಬಹಮನಿ ಸುಲ್ತಾನರಿಗೂ ನಡುವೆ ಎಲ್ಲೋ. ಆ ಸಾಲು ಕಣ್ಣಿಗೆ ಬೀಳುವ ಹೊತ್ತಿಗೆ ಗಡುವು ಮುಗಿದು ಎರಡು ದಿನವಾಗಿತ್ತು.

ತಪ್ಪು ಟೆಕ್ಸ್ಟ್ ಫೈಲಿನದಲ್ಲ. ಅದು ಯಾವ ಮೊಬೈಲಿನಲ್ಲೂ ತೆರೆಯುತ್ತದೆ, ಚಂದಾ ಕೇಳುವುದಿಲ್ಲ. ತಪ್ಪು, ಎರಡು ಬೇರೆ ಸ್ವಭಾವದ ಬರಹಗಳನ್ನು ನಾನು ಒಂದೇ ಕಡೆ ಕಲಸಿದ್ದು. ಟಿಪ್ಪಣಿ ಇರುವುದು ನಿಧಾನವಾಗಿ ಓದಲು, ಮತ್ತೆ ಮತ್ತೆ ಸೇರಿಸಲು. ಗಡುವು, ಆದ್ಯತೆ, ಕೆಲಸ ಮುಗಿಯಿತೇ ಎಂಬ ಗುರುತು ಇವೆಲ್ಲ ಒಂದೇ ನೋಟಕ್ಕೆ ಸಿಗಬೇಕು, ಕೆಲಸ ಮುಗಿದ ಮೇಲೆ ಅಳಿಯಬೇಕು.

ಇದನ್ನು ಮೊದಲೇ ಯೋಚಿಸಿದವರಿದ್ದಾರೆ. ಗಿನಾ ಟ್ರಪಾನಿ 2006ರಲ್ಲಿ ರೂಪಿಸಿದ ‘ಟುಡು ಡಾಟ್ ಟಿಎಕ್ಸ್‌ಟಿ’ ಪದ್ಧತಿಯಲ್ಲಿ ಒಂದು ಕೆಲಸಕ್ಕೆ ಒಂದೇ ಸಾಲು. ಉದ್ದದ ವಿವರಣೆಗೆ ಅಲ್ಲಿ ಜಾಗವೇ ಇಲ್ಲ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ‘ಆರ್ಗ್ ಮೋಡ್’ ಟಿಪ್ಪಣಿ, ಕೆಲಸ ಎರಡನ್ನೂ ಒಂದೇ ಫೈಲಿನಲ್ಲಿ ಇಡಲು ಬಿಡುತ್ತದೆ. ಆದರೆ ಗಡುವಿಗೆ ಶೀರ್ಷಿಕೆಯ ಕೆಳಗೇ ನಿಗದಿತ ಸಾಲಿದೆ, ಉಳಿದ ವಿವರಗಳಿಗೆ ಮಡಚಿಡಬಹುದಾದ ‘ಡ್ರಾಯರ್’ ಇದೆ. ಸೊಗಸಾದ ಏರ್ಪಾಡು. ಆದರೆ ಅದರ ಪೂರ್ತಿ ಲಾಭ ಸಿಗುವುದು ‘ಈಮ್ಯಾಕ್ಸ್’ ಎಂಬ ತಂತ್ರಾಂಶ ಕಲಿತವರಿಗೆ. ಪರೀಕ್ಷೆಗೆ ಓದುತ್ತಿರುವವರು ಅದನ್ನೂ ಕಲಿಯಲು ಕೂತರೆ ಓದು ಅಲ್ಲಿಗೇ ನಿಂತೀತು!

ಹಾಗಾಗಿ ನನ್ನ ವಾದ ಸರಳ: ಎರಡು ಫೈಲ್ ಇಡಿ. ಕೆಲಸದ ಫೈಲಿನಲ್ಲಿ ಪ್ರತಿ ಸಾಲೂ ದಿನಾಂಕದಿಂದಲೇ ಶುರುವಾಗಲಿ, ಅದೂ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ. ನಾವು ರೂಢಿಯಂತೆ ದಿನವನ್ನು ಮೊದಲು ಬರೆದರೆ, ಸಾರ್ಟ್ ಮಾಡಿದಾಗ 09-04-2025 ಮೇಲೆ ಬಂದು 14-03-2025 ಕೆಳಗೆ ಹೋಗುತ್ತದೆ. ಏಪ್ರಿಲ್ ಮಾರ್ಚ್‌ಗಿಂತ ಮುಂಚೆ! ವರ್ಷ ಮೊದಲಿದ್ದರೆ ಸಾಲುಗಳು ತಾವಾಗಿಯೇ ಗಡುವಿನ ಕ್ರಮದಲ್ಲಿ ನಿಲ್ಲುತ್ತವೆ.

ಬೇರೆ ಮಾಡಿದರೆ ಯಾವ ಕೆಲಸಕ್ಕೆ ಯಾವ ಟಿಪ್ಪಣಿ ಎಂದು ಗೊತ್ತಾಗುವುದು ಹೇಗೆ ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನು ಸಾಲಿನ ಕೊನೆಗೆ ಟಿಪ್ಪಣಿ ಫೈಲಿನ ಹೆಸರು ಬರೆಯುತ್ತೇನೆ. ಆ ಫೈಲಿನ ಹೆಸರು ಬದಲಿಸಿದರೆ ಕೊಂಡಿ ತಪ್ಪುತ್ತದೆ, ಒಮ್ಮೆ ತಪ್ಪಿತ್ತೂ ಕೂಡ. ಗಡುವು ತಪ್ಪುವುದಕ್ಕಿಂತ ಅದು ವಾಸಿ.

ಈಗ ನನ್ನ ಕೆಲಸದ ಫೈಲಿನಲ್ಲಿ ಹನ್ನೊಂದು ಸಾಲುಗಳಿವೆ. ಮೊದಲನೆಯದು ಈ ಶುಕ್ರವಾರದ್ದು: ಅರ್ಜಿ ಶುಲ್ಕ.