ಕಕ್ಕಸು ಉಕ್ಕಿದಾಗ ನನ್ನ ನಂಬರ್ ಯಾಕೆ ನೆನಪಾಗುತ್ತೆ?



ಬೆಂಗಳೂರಲ್ಲಿ ಎರಡು ದಿನ ಜೋರು ಮಳೆ ಬಿತ್ತು ಅಂದ್ರೆ ನನಗೆ ಒಂದು ಥರದ ಫೋನು ಬರೋಕೆ ಶುರುವಾಗುತ್ತೆ. ಕಾಲೇಜಿನ ಗೆಳೆಯರು, ಹಳೇ ಸಹೋದ್ಯೋಗಿಗಳು, ಯಾವುದೋ ಸಭೆಯಲ್ಲಿ ಕೈಕುಲುಕಿದವರು. ಮೊದಲು ಆರೋಗ್ಯ ವಿಚಾರಿಸ್ತಾರೆ, ಹೋರಾಟ ಹೇಗೆ ನಡೀತಿದೆ ಅಂತಾರೆ. ಆಮೇಲೆ ವಿಷಯಕ್ಕೆ ಬರ್ತಾರೆ: "ಅಣ್ಣಾ, ಟಾಯ್ಲೆಟ್ ನೀರೆಲ್ಲ ಹಿಂದಕ್ಕೆ ಬಂದು ಹಾಲ್‌ವರೆಗೂ ನಿಂತಿದೆ. ನಿಮ್ಮ ಕಡೆ ಹುಡುಗ್ರು ಯಾರಾದ್ರೂ ಇದ್ರೆ ಕಳಿಸ್ತೀರಾ? ದುಡ್ಡು ಎಷ್ಟಾದ್ರೂ ಕೊಡ್ತೀವಿ."

ನಿಮ್ಮ ಕಡೆ ಅಂದ್ರೆ ಯಾವ ಕಡೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಪ್ಲಂಬರ್ ಅಲ್ಲ, ನಮ್ಮ ಮನೆಯಲ್ಲಿ ಯಾರೂ ಪ್ಲಂಬರ್ ಇಲ್ಲ. ನನ್ನ ನಂಬರ್ ಅವರ ಹತ್ರ ಇರೋದು ಏಪ್ರಿಲ್ 14ಕ್ಕೆ ಭಾಷಣಕ್ಕೆ ಕರೆದಿದ್ದರಿಂದ.

ಹುಡುಗರನ್ನ ನಾನು ಕಳಿಸೋದಿಲ್ಲ. ಫೋನಲ್ಲಿ ಪ್ರತಿ ಸಲ ಹೇಳೋದನ್ನೇ ಇವತ್ತು ಬರೆದು ಹಾಕ್ತಿದ್ದೀನಿ.

ಮೊದಲು ನೀರು ಯಾಕೆ ಹಿಂದಕ್ಕೆ ಬರುತ್ತೆ ನೋಡಿ. ನಮ್ಮ ಯುಜಿಡಿ ಪೈಪುಗಳನ್ನ ಹಾಕಿರೋದು ಕಕ್ಕಸು, ಬಚ್ಚಲು, ಅಡುಗೆಮನೆಯ ನೀರಿಗೆ. ಮಳೆನೀರಿಗೆ ಬೇರೆ ಚರಂಡಿ ಇರಬೇಕು. ಆದರೆ ಎಷ್ಟೋ ಮನೆಗಳ ತಾರಸಿ ಪೈಪು ಸೀದಾ ಸ್ಯಾನಿಟರಿ ಚೇಂಬರಿಗೆ ಸೇರಿದೆ. ಅರ್ಧ ಗಂಟೆ ಮಳೆ ಹೊಡೆದರೆ ಲೈನ್ ತುಂಬಿ ಹೋಗುತ್ತೆ. ಅದರ ಜೊತೆಗೆ ಪ್ಯಾಡು, ಡೈಪರು, ಪಾತ್ರೆ ತೊಳೆದ ಜಿಡ್ಡು ಕಟ್ಟಿಕೊಂಡಿರುತ್ತೆ. ತುಂಬಿದ ಲೈನು ಅತ್ಯಂತ ತಗ್ಗಿನಲ್ಲಿರೋ ಬಾಯಿ ಹುಡುಕುತ್ತೆ. ಆ ಬಾಯಿ ಎಲ್ಲಿರುತ್ತೆ? ರಾಜಕಾಲುವೆ ಪಕ್ಕದ ಕೇರಿಯಲ್ಲಿ, ನೆಲಮಟ್ಟದಲ್ಲಿ ಕೂರಿಸಿದ ಕಕ್ಕಸಿನ ಗುಂಡಿಯಲ್ಲಿ. ಮೇಲಿನ ಬೀದಿಯ ಮೂರು ಮಹಡಿಯವರ ತಾರಸಿ ನೀರು, ಅವರದೇ ಹೇಲಿನ ಸಮೇತ, ಕೆಳಗಿನ ಕೇರಿಯ ಹತ್ತಡಿ ಮನೆಯೊಳಗೆ ಉಕ್ಕುತ್ತೆ. ಅಲ್ಲಿಯವರು ಯಾರಿಗೂ ಫೋನ್ ಮಾಡೋದಿಲ್ಲ. ರಾತ್ರಿಯೆಲ್ಲ ಚೊಂಬಲ್ಲಿ ಬಾಚಿ ಹೊರಗೆ ಚೆಲ್ತಾ ಕೂರ್ತಾರೆ.

2022ರ ಸೆಪ್ಟೆಂಬರಲ್ಲಿ ಯಮಲೂರು ಕಡೆಯ ವಿಲ್ಲಾಗಳಿಗೆ ನೀರು ನುಗ್ಗಿದಾಗ ಟ್ರ್ಯಾಕ್ಟರಲ್ಲಿ ಕೂತು ಹೊರಬಂದವರ ಫೋಟೋ ದೇಶವೆಲ್ಲ ನೋಡಿತು. ಕೇರಿಯ ಚೊಂಬಿನ ಫೋಟೋ ಯಾರು ತೆಗೀತಾರೆ?

ಈಗ ಕಾಯಿಲೆ ಮಾತು. ಈ ನೀರು ಬರೀ ಗಲೀಜು ಅಂದುಕೊಂಡು ಪೊರಕೆ ಹಿಡೀಬೇಡಿ. ವಾಂತಿಭೇದಿ, ಟೈಫಾಯ್ಡ್, ಜಂತುಹುಳ ಎಲ್ಲ ಇದರಿಂದ ಬರಬಹುದು. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಇದರಲ್ಲೇ ಹರಡುತ್ತೆ. ವಾರಗಳು ಕಳೆದ ಮೇಲೆ ಕಾಣಿಸಿಕೊಳ್ಳೋದ್ರಿಂದ ಯಾರೂ ಅದನ್ನ ಆ ಮಳೆಗೆ ತಾಳೆ ಹಾಕೋದಿಲ್ಲ. ಹೆಪಟೈಟಿಸ್ ಇ ಬಸುರಿಯರ ಜೀವಕ್ಕೇ ಕುತ್ತು. ಇಲಿಗಳ ಉಚ್ಚೆ ಸೇರಿದ ನೀರಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ ಬರಬಹುದು. ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ನೀರಲ್ಲಿ ನಿಂತು ಒಂದು ತಿಂಗಳೊಳಗೆ ಇಂಥ ಜ್ವರ ಬಂದ್ರೆ ಡಾಕ್ಟರಿಗೆ "ಮೋರಿ ನೀರಲ್ಲಿ ನಿಂತಿದ್ದೆ" ಅಂತ ಬಾಯಿಬಿಟ್ಟು ಹೇಳಿ. ನಮ್ಮ ಜನ ನಾಚಿಕೆಗೆ ಅದೊಂದನ್ನ ಬಿಟ್ಟು ಬೇರೆಲ್ಲ ಹೇಳ್ತಾರೆ.

ಮನೆಯೊಳಗಿನದ್ದನ್ನ ಮನೆಯವರೇ ತೊಳೆಯಬಹುದು. ಕಲಿಯೋಕೆ ಯಾವ ಜಾತಿಯೂ ಬೇಕಿಲ್ಲ. ಸ್ವಿಚ್‌ಬೋರ್ಡ್‌ವರೆಗೆ ನೀರು ಬರೋ ಹಾಗಿದ್ರೆ ಮೇನ್ ಆಫ್ ಮಾಡಿ, ಅದನ್ನೂ ಒಣಗಿದ ಜಾಗದಲ್ಲಿ ನಿಂತು. ನೀರಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ. ನಲ್ಲಿ, ಫ್ಲಶ್ಶು, ವಾಷಿಂಗ್ ಮಷಿನ್ ಎಲ್ಲ ನಿಲ್ಲಿಸಿ. ಮಕ್ಕಳು, ಬಸುರಿಯರು, ವಯಸ್ಸಾದವರು ಹೊರಗಿರಲಿ. ಗಂಬೂಟು, ರಬ್ಬರ್ ಗ್ಲೌಸು ಹಾಕಿ, ಬಾಯಿ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಕಿಟಕಿ ಬಾಗಿಲು ತೆಗೀರಿ. ಮೊದಲು ಕೊಳೆ ಬಾಚಿ, ಸೋಪಿನ ನೀರಲ್ಲಿ ಉಜ್ಜಿ ತೊಳೀರಿ. ಆಮೇಲೇ ಬ್ಲೀಚಿಂಗ್. ಕೊಳೆ ಮೇಲೆ ಪೌಡರ್ ಚೆಲ್ಲಿದರೆ ಅದರ ಶಕ್ತಿ ಕೊಳೆಗೇ ಖರ್ಚಾಗುತ್ತೆ. 10 ಲೀಟರ್ ಬಕೆಟ್‌ಗೆ 150 ಗ್ರಾಂ ಒಳ್ಳೇ ಬ್ಲೀಚಿಂಗ್ ಪೌಡರ್ ಕಲಸಿ ನೆಲಕ್ಕೆ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ತೊಳೀರಿ. ನೆನೆದ ಹಾಸಿಗೆ, ದಿಂಬು, ಆ ನೀರು ತಾಗಿದ ಆಹಾರ ಎಸೀಲೇಬೇಕು. ಬಟ್ಟೆ ಬೇರೆಯಾಗಿ ಬಿಸಿನೀರಲ್ಲಿ ಒಗೀರಿ. ಸಂಪಿಗೆ ಕೊಳಚೆ ಸೇರಿದೆ ಅನ್ನೋ ಅನುಮಾನ ಇದ್ರೂ ಆ ನೀರು ಕುಡೀಬೇಡಿ, ಅಡುಗೆಗೂ ಬೇಡ. ಪಂಪಲ್ಲಿ ಪೂರ್ತಿ ಖಾಲಿ ಮಾಡಿಸಿ. ಗಾಯ ಆಗಿದ್ರೆ ಟಿಟಿ ಇಂಜೆಕ್ಷನ್.

ಆಸಿಡ್ ವಿಷಯ ಬೇರೆ ಹೇಳ್ತೀನಿ. ಬ್ಲಾಕ್ ಆದ ತಕ್ಷಣ ಬಾಟಲಿಗಟ್ಟಲೆ ಆಸಿಡ್ ಸುರಿಯೋರು ಬಹಳ ಜನ. ಅದರ ಮೇಲೆ ಬ್ಲೀಚಿಂಗ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಶ್ವಾಸಕೋಶ ಸುಡುತ್ತೆ. ಆಸಿಡ್ ಸುರಿದಿದ್ದನ್ನ ಹೇಳದೆ ಒಬ್ಬನ ಕೈಯನ್ನ ಅದೇ ನೀರಿಗೆ ಹಾಕಿಸೋರೂ ಇದ್ದಾರೆ. ಏನನ್ನೋದು ಅವರಿಗೆ?

ಇಷ್ಟು ಮನೆಯೊಳಗಿನ ಮಾತು. ಚೇಂಬರು, ಮ್ಯಾನ್‌ಹೋಲು, ಪಿಟ್ ಗುಂಡಿ ಹಾಗಲ್ಲ. ಅದರೊಳಗೆ ಯಾರೂ ಇಳೀಬಾರದು. ಸಂಪಿಗೂ ಇದೇ ಮಾತು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ಕೂತಿರುತ್ತೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆ ತಿಳಿಯೋ ಶಕ್ತಿಯೇ ಹೋಗುತ್ತೆ. ವಾಸನೆ ನಿಂತಿತು ಅಂತ ಇಳಿದವನು ಬೀಳ್ತಾನೆ, ಅವನನ್ನ ಎತ್ತೋಕೆ ಇಳಿದ ತಮ್ಮನೋ ಗೆಳೆಯನೋ ಅವನ ಮೇಲೆ ಬೀಳ್ತಾನೆ. ಪೇಪರಿನ ಒಳಪುಟದಲ್ಲಿ ಎರಡೆರಡು, ಮೂರು ಮೂರು ಹೆಣ ಒಟ್ಟಿಗೆ ಬರೋದು ಹೀಗೆ.

ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆಮೇಲೆ ಮಲ ಹೊರುವ ಪದ್ಧತಿಯನ್ನ ನಿಲ್ಲಿಸಿದ್ದು 1970ರ ದಶಕದಲ್ಲಿ. 2010ರಲ್ಲಿ ಸವಣೂರಿನಲ್ಲಿ ನಮ್ಮ ಜನ ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಕಾಯ್ದೆ ಬಂದದ್ದು 2013ರಲ್ಲಿ. ಸುರಕ್ಷತೆ ಇಲ್ಲದೆ ಮ್ಯಾನ್‌ಹೋಲ್, ಪಿಟ್ ಗುಂಡಿ ಕ್ಲೀನ್ ಮಾಡಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಸರ್ಕಾರಕ್ಕೂ ಕಂಟ್ರಾಕ್ಟರಿಗೂ ಮಾತ್ರ ಅಂದುಕೊಂಡಿರೋ ಮನೆ ಮಾಲೀಕರೇ, ನಿಮಗೂ ಅನ್ವಯಿಸುತ್ತೆ. "ಅವನೇ ಒಪ್ಪಿ ಇಳಿದ" ಅನ್ನೋದು ಕೋರ್ಟಲ್ಲಿ ಉತ್ತರ ಆಗೋದಿಲ್ಲ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. ಆ ದುಡ್ಡಿಗಾಗಿ ಅಲೆಯುವ ಹೆಂಡತಿಯರ ಜೊತೆ ಕಚೇರಿ ಬೆಂಚಿನ ಮೇಲೆ ನಾನೂ ಕೂತಿದ್ದೀನಿ. ಹಿಡಿದುಕೊಂಡಿರೋ ಫೋಟೋದಲ್ಲಿ ಹುಡುಗ ಮದುವೆ ಸೂಟಲ್ಲಿ ಇರ್ತಾನೆ, ಬೇರೆ ಒಳ್ಳೇ ಫೋಟೋ ಇರೋದಿಲ್ಲ.

ಹಾಗಾಗಿ ನನಗೆ ಫೋನ್ ಮಾಡೋ ಬದಲು ಜಲಮಂಡಳಿಗೆ 1916ಕ್ಕೆ ಮಾಡಿ. ಜೆಟ್ಟಿಂಗ್ ಮಷಿನ್ ಕಳಿಸಿ ಅನ್ನಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಬಂದವರು ಬಿದಿರು ದಬ್ಬೆ ಹಿಡಿದು ಬಂದು, ಚಡ್ಡಿಯಲ್ಲಿ ಒಳಗೆ ಇಳಿಯೋಕೆ ಹೊರಟರೆ ನೀವೇ ತಡೀರಿ. "ಬೇಡಪ್ಪಾ, ಮಷಿನ್ ಬರೋವರೆಗೂ ಕಾಯ್ತೀವಿ" ಅನ್ನಿ. ಒಂದು ರಾತ್ರಿ ಪಕ್ಕದ ಮನೆಯ ಬಾತ್‌ರೂಮ್ ಬಳಸಿದರೆ ಏನೂ ಆಗೋದಿಲ್ಲ.

ಮತ್ತೆ, ಈ ಭಾನುವಾರ ಪುರುಸೊತ್ತಾದ್ರೆ ತಾರಸಿ ಹತ್ತಿ ನಿಮ್ಮ ಮಳೆನೀರಿನ ಪೈಪು ಎಲ್ಲಿಗೆ ಹೋಗಿ ಸೇರುತ್ತೆ ನೋಡಿ. ಚೇಂಬರಿಗೆ ಸೇರ್ತಿದ್ರೆ ಪ್ಲಂಬರ್ ಕರೆಸಿ ಕತ್ತರಿಸಿ, ಇಂಗುಗುಂಡಿಗೋ ಮಳೆನೀರಿನ ಚರಂಡಿಗೋ ತಿರುಗಿಸಿ. ಮುಂದಿನ ಮಳೆಗೆ ಮುಂಚೆ.