ಉರುಳು ಹಾಕಿದವನಿಗೆ ಸೆರೆ, ನೆಲ ನುಂಗಿದವನಿಗೆ ಹಾರ!



ಎರಡು ಗೌಜಲಕ್ಕಿ, ಒಂದು ಉರುಳಿನ ಸರ, ಒಂದು ಹರಕು ಚೀಲ. ಇವನ್ನು ಮುಂದಿಟ್ಟು ಬಡ ಹರಣಶಿಕಾರಿಯೊಬ್ಬನನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಪೇಟೆಯ ಸಭ್ಯರು ಅದನ್ನು ನೋಡಿ, “ಹಕ್ಕಿಗಳು ಹಾಳಾದದ್ದೇ ಇಂಥವರಿಂದ” ಎಂದು ತಲೆದೂಗುತ್ತಾರೆ. ಈ ತೀರ್ಪನ್ನು ನಾನು ಒಪ್ಪಲಾರೆ.

ಕಾನೂನು ಸ್ಪಷ್ಟವಾಗಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿ ಸಣ್ಣ ಬೇಟೆಯ ಪರವಾನಗಿಯನ್ನೂ ತೆಗೆದುಹಾಕಿತು. ಇಂದು ಗೌಜಲಕ್ಕಿ ಹಿಡಿದವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯಿದೆ ಬೇಡವೆಂದು ನಾನು ಹೇಳುತ್ತಿಲ್ಲ. ಹಕ್ಕಿ ಕಡಿಮೆಯಾದ ಮೇಲೆ ಒಂದು ಉರುಳೂ ಭಾರವೇ. ಆದರೆ ಹಕ್ಕಿ ಕಡಿಮೆಯಾದದ್ದು ಹೇಗೆ? ಈ ಪ್ರಶ್ನೆಯನ್ನು ಯಾವ ಕಟಕಟೆಯಲ್ಲಿ ಕೇಳಿದ್ದಾರೆ?

ಗೌಜಲಕ್ಕಿ, ಬುರ್ಲಿ ಇವು ಗಿಡದ ಮೇಲೆ ಗೂಡು ಕಟ್ಟುವ ಹಕ್ಕಿಗಳಲ್ಲ. ಬದುವಿನ ಹುಲ್ಲಿನಲ್ಲಿ, ಬೀಳುಹೊಲದ ಪೊದೆಯ ಬುಡದಲ್ಲಿ, ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಮರಿಗಳಿಗೆ ಮೊದಲ ವಾರಗಳಲ್ಲಿ ಹುಳುಹುಪ್ಪಟೆಯೇ ಅನ್ನ. ಬದು ಹೋದರೆ ಮನೆ ಹೋಯಿತು, ಹುಳು ಹೋದರೆ ಅನ್ನ ಹೋಯಿತು.

ಗಂಗಾವತಿಯನ್ನು ನೋಡಿರಿ. 1953ರಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಯ ನೀರು ಹೊಲಗಳಿಗೆ ಹರಿಯತೊಡಗಿತು. ನೀರು ಬಂದದ್ದು ತಪ್ಪಲ್ಲ. ಬರದ ನಾಡಿಗೆ ಅದು ಅನ್ನ ಕೊಟ್ಟಿತು. ಆದರೆ ಯೋಜನೆಯ ಮಾತು ಏನಿತ್ತು? ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚು ಜನರಿಗೆ ಹಂಚಬೇಕು. ಬಹುಪಾಲು ಹೊಲಗಳಲ್ಲಿ ಜೋಳ, ಹತ್ತಿಯಂಥ ಬೆಳೆ ಇರಬೇಕು. ಭತ್ತ ಕೊಂಚ ಭಾಗಕ್ಕೆ ಮಾತ್ರ. ಆದದ್ದೇ ಬೇರೆ. ಎಡದಂಡೆ ಕಾಲುವೆಯ ತಲೆಯಲ್ಲಿ ಹಣ ಮತ್ತು ವಶೀಲಿ ಇದ್ದವರು ಎಲ್ಲೆಲ್ಲೂ ಭತ್ತ ನಾಟಿ ಮಾಡಿದರು. ಕಾಲುವೆಯ ಬಾಲದ ಮಾನ್ವಿ, ರಾಯಚೂರು ಕಡೆಯ ರೈತ ನೀರಿಗಾಗಿ ಬಾಯಿ ಬಿಡುತ್ತಾನೆ. ನೀರು ನಿಂತ ಗದ್ದೆಯಲ್ಲಿ ಬೆಳ್ಳಕ್ಕಿ ಬದುಕೀತು. ಒಣನೆಲದ ಗೌಜಲಕ್ಕಿಗೆ ಅಲ್ಲೇನಿದೆ?

ನೀರಾವರಿ ಇಲ್ಲದ ಯಲಬುರ್ಗಾ, ಕುಷ್ಟಗಿಗಳ ಗತಿಯೇನು? ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಒಮ್ಮೆ ಮಕ್ಕಳನ್ನು ಗೌಜಲಕ್ಕಿಯ ಕೂಗು ಕೇಳಿದ್ದೀರಾ ಎಂದು ಕೇಳಿದೆ. ಕೈ ಎತ್ತಿದವರು ಕುರಿ ಕಾಯುವ ಮನೆಯ ಇಬ್ಬರೇ. ಜೋಳ, ಸಜ್ಜೆ, ನವಣೆ, ಹುರುಳಿ ಕೂಡಿ ಬೆಳೆಯುತ್ತಿದ್ದ ಮಸಾರಿ ಹೊಲದಲ್ಲಿ ಈಗ ಮೆಕ್ಕೆಜೋಳವೊಂದೇ. ಕಳೆನಾಶಕ ಹೊಡೆದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಹುಳುವಿಲ್ಲ. ಟ್ರ್ಯಾಕ್ಟರ್ ತಿರುಗಲೆಂದು ಬದುವನ್ನೂ ಕಿತ್ತರು. ಬೋರ್‌ವೆಲ್ ಇದ್ದವನು ದಾಳಿಂಬೆ ಹಾಕಿ ತಂತಿಬೇಲಿ ಬಿಗಿದ. ಗುಡ್ಡಬಯಲುಗಳಲ್ಲಿ ಗಾಳಿಯಂತ್ರಗಳು ಎದ್ದವು.

ಇದು ನನ್ನ ಕಲ್ಪನೆಯಲ್ಲ. ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ 1968ರಿಂದ ನಡೆದ ಅಧ್ಯಯನ ಇದನ್ನೇ ಹೇಳಿತು. ಅಲ್ಲಿಯ ಬೂದು ಬಣ್ಣದ ಗೌಜಲಕ್ಕಿ ಕುಸಿದದ್ದಕ್ಕೆ ಮುಖ್ಯ ಕಾರಣ ಕಳೆನಾಶಕ: ಕಳೆ ಸತ್ತು, ಹುಳು ಸತ್ತು, ಮರಿಗಳು ಹಸಿವಿನಿಂದ ಸತ್ತವು. ಅಲ್ಲಿಯ ಶ್ರೀಮಂತರು ತಮ್ಮ ಬೇಟೆ ಉಳಿಯಲೆಂದಾದರೂ ಹೊಲದ ಅಂಚಿಗೆ ಹುಲ್ಲು ಬಿಡುವುದನ್ನು ಕಲಿತರು. ನಮ್ಮಲ್ಲಿ ಅಷ್ಟೂ ಇಲ್ಲ.

ನಮ್ಮ ಗೌಜಲಕ್ಕಿ ದೇಶದಿಂದ ಅಳಿದಿಲ್ಲ, ನಿಜ. ಆದರೆ ಅದರ ನೆರೆಯ ಎರ್ಲಡ್ಡು ಹಕ್ಕಿಯನ್ನು ನೆನೆಯಿರಿ. ಹೊಳೆಯಾಚೆ ಸಿರುಗುಪ್ಪದ ಎರೆನೆಲದಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವ ಈ ದೊಡ್ಡ ಹಕ್ಕಿಯನ್ನು ಜೀಪಿನಲ್ಲಿ ಬೆನ್ನಟ್ಟಿ ಹೊಡೆದವರು ಬಂದೂಕುಳ್ಳ ದೊಡ್ಡವರು. ಬೇಟೆ ನಿಂತ ಮೇಲೆ ಅದರ ಹುಲ್ಲುಗಾವಲು ಹೋಯಿತು. ಉಳಿದವು ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ.

“ಗಿರಣಿಯಲ್ಲಿ ಮೂಟೆ ಹೊರುವವನಿಗೆ ಹಕ್ಕಿಯ ಚಿಂತೆ ಏಕೆ?” ಎಂದು ಯಾರಾದರೂ ನಗಬಹುದು. ಅಣ್ಣಾ, ನೀನು ಗಂಗಾವತಿಯ ಅಕ್ಕಿಗಿರಣಿಗೆ ಬಂದದ್ದು ಏಕೆ? ನಿನ್ನ ಊರಿನ ಗಾಯರಾಣ ಹೋಯಿತು, ಆಡು-ಕುರಿಗೆ ಮೇವು ಹೋಯಿತು, ಅದಕ್ಕಲ್ಲವೇ? ಕಿರಾಣಿ ಅಂಗಡಿಯ ಬಂಧುವೇ, ನವಣೆ, ಹುರುಳಿಯನ್ನು ಸೇರಿನಲ್ಲಿ ಅಳೆದು ನಿನ್ನ ಅಂಗಡಿಗೆ ತರುತ್ತಿದ್ದ ಸಣ್ಣ ರೈತ ಈಗೆಲ್ಲಿ? ಗೌಜಲಕ್ಕಿಯನ್ನು ಒಕ್ಕಲೆಬ್ಬಿಸಿದ ಕೈಯೇ ನಿಮ್ಮನ್ನೂ ಒಕ್ಕಲೆಬ್ಬಿಸಿತು.

ಸಣ್ಣ ರೈತನನ್ನು ನಾನು ದೂರುವುದಿಲ್ಲ. ಸಾಲ ತೀರಿಸಲು ಆತ ಅಂಗಡಿಯವನು ಹೇಳಿದ ಔಷಧ ಹೊಡೆಯುತ್ತಾನೆ. ದೂರುವುದು, ಎಕರೆಗೆ ಎಷ್ಟು ಕ್ವಿಂಟಲ್ ಎಂಬುದೊಂದನ್ನೇ ಲೆಕ್ಕ ಹಿಡಿದು, ಕಳೆದುಕೊಂಡದ್ದನ್ನು ಎಂದೂ ಲೆಕ್ಕಕ್ಕೆ ಬರೆಯದ ಸರಕಾರಗಳನ್ನು.

ನಮ್ಮ ಬೇಡಿಕೆ ಸರಳ. ಉಳಿದ ಗಾಯರಾಣವನ್ನು ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬಾರದು. ಬದುವಿನ ಹುಲ್ಲು ಉಳಿಸುವ, ಕೂಡುಬೆಳೆ ಬೆಳೆಯುವ ರೈತನಿಗೆ ಸಹಾಯಧನ ಸಿಗಬೇಕು. ಯಾವ ಪೊದೆಯಲ್ಲಿ ಯಾವ ಹಕ್ಕಿ ಎಂಬುದನ್ನು ಹರಣಶಿಕಾರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನ ಕೈಗೆ ಕೋಳ ಬೇಡ, ಕಾವಲುಗಾರನ ಕೆಲಸ ಮತ್ತು ತಿಂಗಳ ಸಂಬಳ ಕೊಡಿರಿ. ಉರುಳನ್ನು ಅವನೇ ಕೆಳಗಿಡುತ್ತಾನೆ.

ನೆಲ ನುಂಗಿದವನಿಗೆ ಹಾರ ಹಾಕುವುದನ್ನು ಮೊದಲು ನಿಲ್ಲಿಸಿರಿ. ಆಮೇಲೆ ನ್ಯಾಯದ ಮಾತು ಆಡೋಣ.